ಓದುಗರ ಪ್ರಶ್ನೆ: ಹಗಲೊಂದು ಕಡೆ, ರಾತ್ರಿಯೊಂದು ಕಡೆ ಸರಿಯುವ ರುಬಿಡಿಯಂ

ಪ್ರಶ್ನೆ: ಹಳೆಯ ಎಲ್‌ಪಿಆರ್‌ಓ-101 ರುಬಿಡಿಯಂ ಘಟಕ (ರುಬಿಡಿಯಂ ಪರಮಾಣುವಿನ ಆಧಾರದಲ್ಲಿ 10 ಮೆಗಾಹರ್ಟ್ಸ್ ಆವರ್ತನ ಕೊಡುವ ಪರಮಾಣು ಗಡಿಯಾರ) ಕೊಂಡಿದ್ದೇನೆ. 24 ವೋಲ್ಟ್ ಕೊಟ್ಟ ಕೆಲವೇ ನಿಮಿಷಕ್ಕೆ ಲಾಕ್ ಆಗುತ್ತದೆ. ಆದರೆ ಜಿಪಿಎಸ್ ರಿಸೀವರ್ ಸೆಕೆಂಡಿಗೊಂದರಂತೆ ಕೊಡುವ ಪಲ್ಸ್‌ಗೆ ಹೋಲಿಸಿದರೆ ಹಗಲೊಂದು ಕಡೆ, ರಾತ್ರಿ ಇನ್ನೊಂದು ಕಡೆ ಸರಿಯುತ್ತದೆ. ದಿನವೂ ಆವರ್ತನ ತಿದ್ದುವ ಸ್ಕ್ರೂ ತಿರುಗಿಸಿ ಸಾಕಾಗಿದೆ. ರುಬಿಡಿಯಂ ಪರಮಾಣು ಎಲ್ಲೆಡೆ ಒಂದೇ ಅಲ್ಲವೇ?

ಉತ್ತರ: ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಪರಮಾಣು ಒಂದೇ, ಅದು ಕೂತಿರುವ ಗಾಜಿನ ಕೋಶ ಒಂದೊಂದೂ ಬೇರೆ. ರುಬಿಡಿಯಂ-87ರ 6.834 ಗಿಗಾಹರ್ಟ್ಸ್ ಆವರ್ತನವನ್ನು ಕೋಶದ ಬಫರ್ ಅನಿಲ (ರುಬಿಡಿಯಂ ಜೊತೆ ತುಂಬಿದ ಅನಿಲ), ಒಳಗಿನ ರುಬಿಡಿಯಂ ದೀಪದ ಬೆಳಕು, ಕಾಂತಕ್ಷೇತ್ರ ಎಲ್ಲವೂ ತುಸು ಜಗ್ಗುತ್ತವೆ. ಹಾಗಾಗಿಯೇ ಇದು ಸೀಸಿಯಂನಂತೆ ಪ್ರಾಥಮಿಕ ಮಾನಕವಲ್ಲ. ಲಾಕ್ ಆಯಿತೆಂದರೆ ಒಳಗಿನ ಕ್ರಿಸ್ಟಲ್ ಆಂದೋಲಕ ಅನುರಣನವನ್ನು ಹಿಡಿದಿದೆ ಎಂದಷ್ಟೇ ಅರ್ಥ, ನಿಖರವಾಗಿದೆ ಎಂದಲ್ಲ.

ನಿಮ್ಮ ಏರುಪೇರಿಗೆ ಮೊದಲ ಅನುಮಾನ, ಹಗಲು-ರಾತ್ರಿ ಕೋಣೆಯ ಜೊತೆ ಬದಲಾಗುವ ಬೇಸ್‌ಪ್ಲೇಟಿನ (ಘಟಕದ ತಳದ ಲೋಹದ ಹಲಗೆಯ) ಬಿಸಿಯ ಮೇಲೆ. ಬೆಚ್ಚಗಾದ ಮೇಲೂ ಘಟಕ ಸುಮಾರು 12 ವ್ಯಾಟ್ ನುಂಗುತ್ತಲೇ ಇರುತ್ತದೆ. ಥರ್ಮಲ್ ಪೇಸ್ಟ್ ತೆಳುವಾಗಿ ಸವರಿ, ದಪ್ಪ ಅಲ್ಯುಮಿನಿಯಂ ಹೀಟ್‌ಸಿಂಕಿಗೆ ಎಲ್ಲ ಸ್ಕ್ರೂ ಹಾಕಿ ಬಿಗಿಯಿರಿ. ಹತ್ತಿ ಆರುವ ಥರ್ಮೋಸ್ಟಾಟ್ ಫ್ಯಾನ್ ಬೇಡವೇ ಬೇಡ. ಅದರ ಲಯವೇ ಆವರ್ತನದಲ್ಲಿ ಅಚ್ಚಾಗುತ್ತದೆ. ಪ್ಲೇಟಿಗೆ ಥರ್ಮಿಸ್ಟರ್ (ಬಿಸಿ ಅಳೆಯುವ ಸಂವೇದಕ) ಅಂಟಿಸಿ, ಫ್ಯಾನಿನ ವೇಗವನ್ನು ನಿಧಾನವಾಗಿ ಬದಲಿಸುತ್ತ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದರೆ ಬೇಸಿಗೆಯ ಕೋಣೆಯಲ್ಲೂ ನಿಯಂತ್ರಣ ಕೈತಪ್ಪದು. ಕಾಂತಕ್ಷೇತ್ರ ತಾಗದಂತೆ ಟ್ರಾನ್ಸ್‌ಫಾರ್ಮರನ್ನು ಘಟಕದಿಂದ ದೂರವಿಡಿ. ಬೆಚ್ಚಗಾಗುವಾಗ 1.7 ಆಂಪಿಯರ್‌ವರೆಗೆ ಎಳೆಯುವುದರಿಂದ ಪವರ್ ಸಪ್ಲೈ 2 ಆಂಪಿಯರ್‌ಗಿಂತ ಕಡಿಮೆಯಿರಬಾರದು.

ಬಹುಕಾಲ ಆರಿಸಿಟ್ಟಿದ್ದ ಘಟಕವಾದರೆ ಒಂದೆರಡು ವಾರ ಸುಮ್ಮನೆ ಓಡಲಿ. ಆಮೇಲೆ ಅಳೆಯಿರಿ. ಅಗ್ಗದ ಜಿಪಿಎಸ್ ಪಲ್ಸ್ ಹತ್ತಾರು ನ್ಯಾನೋಸೆಕೆಂಡ್ ಅಲುಗಾಡುತ್ತದೆ. ಹತ್ತು ನಿಮಿಷದ ಅಳತೆಯಲ್ಲಿ ನಿಮಗೆ ಕಾಣುವುದು ಬಹುಪಾಲು ಅದರ ಅಲುಗಾಟವೇ. ಘಟಕದ 10 ಮೆಗಾಹರ್ಟ್ಸ್ ಔಟ್‌ಪುಟ್ಟನ್ನು ಸೆಕೆಂಡಿಗೊಂದು ಪಲ್ಸ್ ಆಗುವಂತೆ ಭಾಗಿಸಿ, ಎರಡೂ ಪಲ್ಸ್‌ಗಳ ನಡುವಿನ ಅಂತರವನ್ನು ಇಂದು, ನಾಳೆ ಒಂದೇ ಹೊತ್ತಿಗೆ ಬರೆದಿಡಿ. 24 ಗಂಟೆಯಲ್ಲಿ 864 ನ್ಯಾನೋಸೆಕೆಂಡ್ ಸರಿದಿದ್ದರೆ ದೋಷ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು.

ತಿದ್ದಲು ಸ್ಕ್ರೂಗಿಂತ 0–5 ವೋಲ್ಟಿನ ಹೊರ ಸಿ-ಫೀಲ್ಡ್ ಪಿನ್ (ಕೋಶದ ಕಾಂತಕ್ಷೇತ್ರ ಬದಲಿಸಿ ಆವರ್ತನ ತಿದ್ದುವ ಪಿನ್) ಮೇಲು. ಸ್ಥಿರ ವೋಲ್ಟೇಜ್ ಕೊಡುವ ರೆಫರೆನ್ಸ್ ಐಸಿಗೆ ಹತ್ತು ಸುತ್ತಿನ ಪಾಟ್ (ಪೊಟೆನ್ಶಿಯೋಮೀಟರ್) ಜೋಡಿಸಿ. 2 ವೋಲ್ಟಿನಲ್ಲೊಂದು ದಿನ, 3 ವೋಲ್ಟಿನಲ್ಲೊಂದು ದಿನ ಓಡಿಸಿದರೆ ವೋಲ್ಟಿಗೆಷ್ಟು ಬದಲಾವಣೆ ಎಂಬುದು ಸಿಗುತ್ತದೆ. ಕಾಂತಕ್ಷೇತ್ರದ ಪರಿಣಾಮ ಅದರ ವರ್ಗಕ್ಕೆ ಅನುಪಾತವಾದ್ದರಿಂದ, ದೊಡ್ಡ ತಿದ್ದುಪಡಿಯ ನಂತರ ಮತ್ತೆ ಅಳೆಯಲೇಬೇಕು.

ಇಷ್ಟಕ್ಕೆಲ್ಲ ಮೊದಲು ದೀಪದ ವೋಲ್ಟೇಜ್ ಪಿನ್ ನೋಡಿ. ಅದು 3 ವೋಲ್ಟಿಗಿಂತ ಕೆಳಗಿಳಿದಿದ್ದರೆ ದೀಪ ಸೊರಗಿದೆ. ಹೀಟ್‌ಸಿಂಕಿಗೆ ದುಡ್ಡು ಸುರಿಯಬೇಡಿ.