ಓದುಗರ ಪ್ರಶ್ನೆ: ಅಳಿದ ಸರೀಸೃಪಗಳ ‘ಸೃಷ್ಟಿಕುಲ’

ಪ್ರಶ್ನೆ: ಅಳಿದುಹೋದ ಸರೀಸೃಪಗಳನ್ನು ದೇವರು ಸೃಷ್ಟಿಸಿದ ಮೂಲ ಕುಲಗಳಾಗಿ ಸಂಖ್ಯಾಶಾಸ್ತ್ರದಿಂದ ವಿಂಗಡಿಸಬಹುದೆಂದು ಓದಿದೆ. ಇದು ವಿಜ್ಞಾನವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಇಂಥ ಕುಲಕ್ಕೆ ‘ಬಾರಮಿನ್’ ಎಂಬ ಹೆಸರನ್ನು, ‘ಸೃಷ್ಟಿಸು’ ಮತ್ತು ‘ಬಗೆ’ ಎಂಬರ್ಥದ ಹೀಬ್ರೂ ಪದಗಳನ್ನು ಜೋಡಿಸಿ, 1941ರಲ್ಲಿ ಅಮೆರಿಕದ ಸೃಷ್ಟಿವಾದಿ (ಜೀವಿಗಳನ್ನು ದೇವರೇ ಸೃಷ್ಟಿಸಿದನೆಂದು ನಂಬುವ) ಫ್ರಾಂಕ್ ಮಾರ್ಷ್ ಕೊಟ್ಟರು. ಲೆಕ್ಕವೇನೋ ನಿಜವಾದದ್ದೇ: ಪಳೆಯುಳಿಕೆಗಳ ಮೂಳೆಯ ಲಕ್ಷಣಗಳನ್ನು ಪಟ್ಟಿ ಮಾಡಿ, ಎರಡೆರಡು ಪ್ರಾಣಿಗಳ ನಡುವೆ ಎಷ್ಟು ಪಾಲು ಲಕ್ಷಣಗಳು ಭಿನ್ನವಾಗಿವೆಯೆಂದು ಎಣಿಸಿ, ಯಾವುದೇ ಎರಡು ಪ್ರಾಣಿಗಳಿಗೆ ಉಳಿದವುಗಳಿಂದ ಇರುವ ಅಂತರಗಳು ಒಟ್ಟಿಗೇ ಏರಿಳಿದರೆ ಅವೆರಡೂ ಒಂದೇ ಕುಲವೆನ್ನುತ್ತಾರೆ.

ತೊಡಕಿರುವುದು ಆಯ್ಕೆಯಲ್ಲಿ. ಮಲ್ಪೆ ಬಂದರಿನ ಬಂಗುಡೆ, ಬೂತಾಯಿಗಳನ್ನು ಅವುಗಳ ಹತ್ತಿರದ ಮೀನುಗಳೊಡನೆ ಅಳೆದರೆ ಬೇರೆ ಬೇರೆ ಗುಂಪಾಗಿ ಕಾಣಬಹುದು. ಅದೇ ಪಟ್ಟಿಗೆ ತೊರಕೆಯನ್ನೂ ಸಿಗಡಿಯನ್ನೂ ಸೇರಿಸಿದರೆ ಬಂಗುಡೆ, ಬೂತಾಯಿ ಎರಡೂ ಒಂದೇ ಕುಲದವಾಗಿಬಿಡಬಹುದು. (ಮೀನು ಮಾರುವ ಹೆಂಗಸರು ಇದನ್ನು ಒಪ್ಪಲಾರರು.) ಗುಂಪು ಸಿಕ್ಕಿತೆಂಬುದು ಸೃಷ್ಟಿಗೆ ಸಾಕ್ಷಿಯಲ್ಲ, ಏಕೆಂದರೆ ವಿಕಾಸದ ಕವಲುಗಳೂ ಗುಂಪುಗಳನ್ನೇ ಮಾಡುತ್ತವೆ. ವಿಕಾಸವಾದಿಯಾದ ಫಿಲ್ ಸೆಂಟರ್ 2010ರಲ್ಲಿ ಸೃಷ್ಟಿವಾದಿಗಳದೇ ವಿಧಾನವನ್ನು ಡೈನೋಸಾರ್‌ಗಳಿಗೆ ಅನ್ವಯಿಸಿದಾಗ, ಆದಿಪಕ್ಷಿ ಆರ್ಕಿಯೋಪ್ಟೆರಿಕ್ಸ್ ಮತ್ತು ಕೆಲವು ಡೈನೋಸಾರ್‌ಗಳ ನಡುವೆ ಸೃಷ್ಟಿವಾದಿಗಳು ನಿರೀಕ್ಷಿಸಿದ್ದ ಕಂದರವೇ ಕಾಣಲಿಲ್ಲ.