ಟವರನ್ನು ನಂಬುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಬೈಲ್ ಜಾಲದ ಭದ್ರತೆಯನ್ನು ಕುರಿತವು. ಹತ್ತಾರು ವರ್ಷ ಟವರುಗಳ ಕೆಳಗೆ ಕೇಬಲ್ ಎಳೆದು, ಈಗ ಕಾಲೇಜಿನ ಲ್ಯಾಬಿನಲ್ಲಿ ಕುಳಿತಿರುವ ನನಗೆ ಇದು ತವರಿನ ವಿಷಯ. ಆದ್ದರಿಂದ ಮೊದಲ ಉತ್ತರ ಉದ್ದವಾಗಿದೆ, ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷದ ವಿದ್ಯಾರ್ಥಿ. ಮುಕ್ತ ತಂತ್ರಾಂಶ ಬಳಸಿ ಮೊಬೈಲ್ ಜಾಲದ ಭದ್ರತೆ ಪರೀಕ್ಷಿಸುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೇವೆ. ‘ಲಕ್ಷಗಟ್ಟಲೆ ಖರ್ಚು, ಅದರ ಮೇಲೆ ಪೊಲೀಸರೂ ಬರುತ್ತಾರೆ’ ಎಂದು ನಮ್ಮ ಗೈಡ್ ಹೆದರಿಸುತ್ತಿದ್ದಾರೆ. ನಿಜವೇ? — ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಪೊಲೀಸರ ಮಾತು ನಿಜ, ಲಕ್ಷದ ಮಾತು ಸುಳ್ಳು. ಪರವಾನಗಿ ಇಲ್ಲದೆ ಮೊಬೈಲ್ ತರಂಗಾಂತರದಲ್ಲಿ ಸಿಗ್ನಲ್ ಬಿಡುವಂತಿಲ್ಲ. ಆದರೆ ಒಂದಿಷ್ಟೂ ಸಿಗ್ನಲ್ ಬಿಡದೆ ಇಡೀ 4ಜಿ ಜಾಲವನ್ನು ಒಂದು ಲ್ಯಾಪ್‌ಟಾಪಿನೊಳಗೆ ಕಟ್ಟಬಹುದು. ಐರ್ಲೆಂಡಿನ ಸಾಫ್ಟ್‌ವೇರ್ ರೇಡಿಯೊ ಸಿಸ್ಟಮ್ಸ್ ಕಂಪನಿಯ ‘ಎಸ್‌ಆರ್‌ಎಸ್‌ರಾನ್ 4ಜಿ’ಯಲ್ಲಿ ಫೋನ್, ಟವರ್, ಟವರಿನ ಹಿಂದೆ ಕುಳಿತು ಚಂದಾದಾರರನ್ನು ಗುರುತಿಸಿ ಸಂಪರ್ಕ ಕೊಡುವ ಕೋರ್ ಜಾಲ ಮೂರೂ ತಂತ್ರಾಂಶವಾಗಿಯೇ ಸಿಗುತ್ತವೆ. ರೇಡಿಯೊ ಯಂತ್ರದ ಜಾಗಕ್ಕೆ ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ‘ಜೀರೋಎಂಕ್ಯೂ’ ಎಂಬ ತಂತ್ರಾಂಶ ಲೈಬ್ರರಿಯನ್ನು ಕೂರಿಸಿದರೆ ಆಯಿತು, ಫೋನಿನ ಸಿಗ್ನಲ್ ಕಂಪ್ಯೂಟರಿನ ಒಳಗಿಂದೊಳಗೇ ಟವರಿಗೆ ತಲುಪುತ್ತದೆ. ಆಂಟೆನಾ ಇಲ್ಲ, ಹಾಗಾಗಿ ಪರವಾನಗಿಯ ಪ್ರಶ್ನೆಯೂ ಇಲ್ಲ. 5ಜಿಯೇ ಬೇಕೆಂದರೆ ‘ಓಪನ್5ಜಿಎಸ್’ ಕೋರ್ ಮತ್ತು ‘ಯುಇರಾನ್‌ಸಿಮ್’ ಜೋಡಿ ಇದೆ; ಎರಡನೆಯದು ಫೋನ್ ಮತ್ತು ಟವರಿನ ಪಾತ್ರ ವಹಿಸುತ್ತದೆ.

ಹಾಕಿಕೊಂಡಿರಿ ಎಂದುಕೊಳ್ಳೋಣ. ಮೊದಲು ಏನನ್ನೂ ಮುರಿಯಲು ಹೋಗಬೇಡಿ, ಸುಮ್ಮನೆ ನೋಡಿ. ಕೋರ್ ಜಾಲ ಬರೆದಿಡುವ ಕಡತವನ್ನು, ಜಾಲದ ಸಂದೇಶಗಳನ್ನು ಬಿಡಿಸಿ ತೋರಿಸುವ ತಂತ್ರಾಂಶವಾದ ವೈರ್‌ಶಾರ್ಕ್‌ನಲ್ಲಿ ತೆರೆಯಿರಿ. ಫೋನ್ ಮೊದಲ ಸಲ ಜಾಲಕ್ಕೆ ಸೇರುವಾಗ ತನ್ನ ಸಿಮ್ಮಿನ 15 ಅಂಕಿಯ ಗುರುತು ಸಂಖ್ಯೆಯನ್ನು, ಅಂದರೆ ಐಎಂಎಸ್‌ಐ ಅನ್ನು, ಯಾವ ಮುಸುಕೂ ಇಲ್ಲದೆ ಒಪ್ಪಿಸಿಬಿಡುತ್ತದೆ. ನಿಮ್ಮ ಕಡತದಲ್ಲಿ ಅದು 00101ರಿಂದ ಶುರುವಾಗುತ್ತದೆ. 001 ಎಂಬುದು ಪರೀಕ್ಷೆಗೆಂದೇ ಮೀಸಲಾದ ದೇಶಸಂಖ್ಯೆ. ನಮ್ಮ ಜೇಬಿನ ಸಿಮ್ಮುಗಳದು 404 ಅಥವಾ 405. ದೊಡ್ಡ ದೊಡ್ಡ ಹೆಸರಿನ ‘ಐಎಂಎಸ್‌ಐ ಕ್ಯಾಚರ್’ ಯಂತ್ರಗಳು ಹಿಡಿಯುವುದು ಇದನ್ನೇ. 5ಜಿಯಲ್ಲಿ ಈ ಸಂಖ್ಯೆಯನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸುವ ಏರ್ಪಾಡು ಬಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ನಿಮ್ಮ ವರದಿಯ ಒಂದು ಅಧ್ಯಾಯ ಮುಗಿಯಿತು.

ಎರಡನೆಯ ಪ್ರಯೋಗ ನನಗೆ ಅಚ್ಚುಮೆಚ್ಚು. ಕೋರ್ ಜಾಲದ ಚಂದಾದಾರರ ಪಟ್ಟಿ ಒಂದು ಸಾದಾ ಸಿಎಸ್‌ವಿ ಕಡತ. ಅದರಲ್ಲಿ ಸಿಮ್ಮಿನ ರಹಸ್ಯ ಕೀಲಿ ಇರುತ್ತದೆ. ಅದರ ಕೊನೆಯ ಒಂದೇ ಒಂದು ಅಂಕಿ ಬದಲಿಸಿ ಮತ್ತೆ ಚಾಲೂ ಮಾಡಿ. ಈಗ ನಿಮ್ಮ ಟವರ್ ನಕಲಿ ಟವರ್: ಹೆಸರು ಸರಿ, ಸಂಖ್ಯೆ ಸರಿ, ಕೀಲಿ ಮಾತ್ರ ಗೊತ್ತಿಲ್ಲ. ಜಾಲ ಕಳುಹಿಸಿದ ದೃಢೀಕರಣದ ಸಂದೇಶವನ್ನು ಫೋನ್ ತನ್ನ ಕೀಲಿಯಿಂದ ಲೆಕ್ಕ ಹಾಕಿ ನೋಡುತ್ತದೆ, ಹೊಂದುವುದಿಲ್ಲ, ತಿರಸ್ಕರಿಸುತ್ತದೆ. ಕಡತದಲ್ಲಿ ಕಾರಣದ ಸಂಖ್ಯೆ 20 ಎಂದು ಬರುತ್ತದೆ. ಈ ಸಾಲು ಕಂಡೊಡನೆ ನಮ್ಮ ಲ್ಯಾಬಿನ ಮಕ್ಕಳು ‘ಮೇಡಂ, ಕೆಟ್ಟುಹೋಯಿತು’ ಎಂದು ಕೂಗುತ್ತಾರೆ. ಕೆಟ್ಟಿಲ್ಲ ಮಹರಾಯರೇ, ಬೆಳಿಗ್ಗೆಯಿಂದ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ! 2ಜಿಯಲ್ಲಿ ಈ ಸಾಲು ಬರುವುದೇ ಇಲ್ಲ, ಏಕೆಂದರೆ ಅಲ್ಲಿ ಟವರ್ ಫೋನನ್ನು ಪರೀಕ್ಷಿಸುತ್ತದೆಯೇ ಹೊರತು ಫೋನ್ ಟವರನ್ನು ಪರೀಕ್ಷಿಸುವುದಿಲ್ಲ.

ಮೂರನೆಯದು ಚಿಕ್ಕದು. ಈ ತಂತ್ರಾಂಶದ ಕೋರ್ ಸೆಟ್ಟಿಂಗ್‌ನಲ್ಲಿ ಗೂಢಲಿಪಿಯ ಜಾಗದಲ್ಲಿ ಮೊದಲಿಗೆ ‘ಇಇಎ0’ ಎಂದಿರುತ್ತದೆ. ಶೂನ್ಯ ಎಂದರೆ ಗೂಢಲಿಪಿಯೇ ಇಲ್ಲ. ಅದನ್ನು ‘ಇಇಎ2’ ಮಾಡಿದರೆ ಎಇಎಸ್ ಎಂಬ ಬಲವಾದ ಗೂಢಲಿಪಿ ಬರುತ್ತದೆ, ವೈರ್‌ಶಾರ್ಕ್‌ನಲ್ಲಿ ನಿನ್ನೆ ಓದಲು ಸಿಕ್ಕಿದ್ದು ಇವತ್ತು ಸಿಗುವುದಿಲ್ಲ. ನಿಜವಾದ ಜಾಲಗಳನ್ನು ತಪಾಸಣೆ ಮಾಡುವವರೂ ಮೊದಲು ಕೇಳುವ ಪ್ರಶ್ನೆ ಇದೇ: ಶೂನ್ಯವನ್ನು ಒಪ್ಪಿಕೊಳ್ಳುತ್ತೀರಾ?

ಮುಂದೆ ನಿಜವಾದ ರೇಡಿಯೊ, ಬರೆಯಬಹುದಾದ ಸಿಮ್, ಸಿಗ್ನಲ್ ಹೊರಬೀಳದ ಲೋಹದ ಪೆಟ್ಟಿಗೆ ಬೇಕೆನಿಸಿದರೆ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪ್ರಯೋಗಕ್ಕೆಂದು ಪರವಾನಗಿ ಕೊಡುತ್ತದೆ. ಅರ್ಜಿ ಕಾಲೇಜಿನ ಹೆಸರಿನಲ್ಲಿ ಹೋಗಲಿ.

ಪ್ರಶ್ನೆ: ಟಿವಿ ನೋಡಲು ಬಳಸುವ ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ ರೇಡಿಯೊ) ಡಾಂಗಲ್ ಕೊಂಡಿದ್ದೇನೆ. ಪಕ್ಕದ ಮನೆಯವರ ಕರೆ ಕೇಳಬಹುದಂತೆ, ಹೌದೇ? — ಹೆಸರು ಬೇಡ, ತುಮಕೂರು

ಉತ್ತರ: ಹೆಸರು ಬೇಡ ಎಂದದ್ದು ಒಳ್ಳೆಯದಾಯಿತು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಕಾನೂನುಬಾಹಿರವಾಗಿ ಸಂದೇಶ ಕದ್ದಾಲಿಸಿದರೆ ಮೂರು ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಕ್ಕದ ಮನೆಯ ಮಾತು ಅಷ್ಟು ಬೆಲೆ ಬಾಳುವುದಿಲ್ಲ. ಆ ಡಾಂಗಲ್‌ನಲ್ಲಿ ವಿಮಾನಗಳ ಸ್ಥಾನಸಂಕೇತ ಹಿಡಿಯುವುದನ್ನು ಕಲಿಯಿರಿ.

ಪ್ರಶ್ನೆ: ಸಂತೆ ಬೀದಿಯಲ್ಲಿ ನನ್ನ ಫೋನಿನಲ್ಲಿ 4ಜಿ ಹೋಗಿ ‘ಇ’ ಅಕ್ಷರ ಬರುತ್ತದೆ. ಯಾರಾದರೂ ನಕಲಿ ಟವರ್ ಇಟ್ಟುಕೊಂಡು ಕುಳಿತಿರಬಹುದೇ? ಪತ್ತೆ ಹಚ್ಚುವ ಆ್ಯಪ್ ಇದೆಯೇ? — ಬಟ್ಟೆ ಅಂಗಡಿ ಮಾಲೀಕರು, ಪುತ್ತೂರು

ಉತ್ತರ: ಬಹುಮಟ್ಟಿಗೆ ಇಲ್ಲ. ‘ಇ’ ಎಂದರೆ 2ಜಿಯ ಎಡ್ಜ್. 4ಜಿ ಸಿಗ್ನಲ್ ಸೋತಾಗ, ಅಥವಾ ಫೋನಿನಲ್ಲಿ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಸಾಗಿಸುವ ಏರ್ಪಾಡು, ಚಾಲೂ ಇಲ್ಲದೆ ಕರೆ ಬಂದಾಗ, ಏರ್‌ಟೆಲ್‌ನಂಥ ಜಾಲಗಳು 2ಜಿಗೆ ಇಳಿಸುತ್ತವೆ. ಜಿಯೋಗೆ ಮಾತ್ರ 2ಜಿ ಜಾಲವೇ ಇಲ್ಲ. ಅದರ ಸಿಮ್‌ನಲ್ಲಿ ‘ಇ’ ಕಂಡಿದ್ದರೆ ನಾನೂ ಹುಬ್ಬೇರಿಸುತ್ತಿದ್ದೆ.

ಆದರೆ ನಿಮ್ಮ ಅನುಮಾನ ಹುಚ್ಚಲ್ಲ. ಪ್ಯಾರಿಸ್‌ನಲ್ಲಿ 2022ರ ಕೊನೆಯಲ್ಲಿ ಇಂಥ ಯಂತ್ರವನ್ನು ಕಾರಿನಲ್ಲಿಟ್ಟು ತಿರುಗಿಸಿ, ಆರೋಗ್ಯ ವಿಮೆಯ ಹೆಸರಿನಲ್ಲಿ ಸುಳ್ಳು ಎಸ್‌ಎಂಎಸ್ ಹಂಚುತ್ತಿದ್ದವರು ಸಿಕ್ಕಿಬಿದ್ದರು. 2024ರಲ್ಲಿ ಲಂಡನ್ನಿನಲ್ಲೂ ಸ್ವಂತ ಆಂಟೆನಾ ಕಟ್ಟಿಕೊಂಡಿದ್ದವರ ಬಂಧನವಾಯಿತು. ಈ ‘ಎಸ್‌ಎಂಎಸ್ ಬ್ಲಾಸ್ಟರ್’ಗಳು ಫೋನನ್ನು 2ಜಿಗೆ ಇಳಿಸಿ, ಅಲ್ಲಿ ಟವರನ್ನು ಪ್ರಶ್ನಿಸುವವರು ಯಾರೂ ಇಲ್ಲದ್ದರ ಲಾಭ ಪಡೆಯುತ್ತವೆ. ಆಂಡ್ರಾಯ್ಡ್ 12ರಿಂದೀಚೆಗಿನ ಹಲವು ಫೋನುಗಳಲ್ಲಿ ಸಿಮ್ ಸೆಟ್ಟಿಂಗ್‌ನಲ್ಲಿ ‘2ಜಿಗೆ ಅನುಮತಿಸು’ ಎಂಬ ಗುಂಡಿ ಇರುತ್ತದೆ. ಅಂಗಡಿಯಲ್ಲಿರುವಾಗ ಅದನ್ನು ಆಫ್ ಮಾಡಿಡಿ. ಘಟ್ಟ ಹತ್ತುವ ಮುನ್ನ ಮತ್ತೆ ಹಾಕಿಕೊಳ್ಳಿ, ಅಲ್ಲಿ ಕೆಲವೆಡೆ 2ಜಿ ಒಂದೇ ದಿಕ್ಕು.

ಆ್ಯಪ್ ವಿಷಯ: ಜರ್ಮನಿಯ ಎಸ್‌ಆರ್‌ಲ್ಯಾಬ್ಸ್‌ನ ‘ಸ್ನೂಪ್‌ಸ್ನಿಚ್’ಗೆ ಕ್ವಾಲ್‌ಕಾಮ್ ಚಿಪ್ ಇರುವ, ರೂಟ್ ಮಾಡಿದ, ಅಂದರೆ ಒಳಗಿನ ಭದ್ರತಾ ಬೀಗ ತೆಗೆದ, ಫೋನ್ ಬೇಕು. ವ್ಯಾಪಾರ ನಡೆಸುವ, ಬ್ಯಾಂಕ್ ಆ್ಯಪ್ ಇರುವ ಫೋನನ್ನು ರೂಟ್ ಮಾಡಬೇಡಿ. ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ 2025ರಲ್ಲಿ ‘ರೇಹಂಟರ್’ ಬಿಡುಗಡೆ ಮಾಡಿತು. ಅದು ಫೋನಿನಲ್ಲಲ್ಲ, ಅಗ್ಗದ ಹಾಟ್‌ಸ್ಪಾಟ್ ಪೆಟ್ಟಿಗೆಯಲ್ಲಿ ಓಡುತ್ತದೆ. ಟವರ್ ನಿಮ್ಮನ್ನು 2ಜಿಗೆ ತಳ್ಳಲು ನೋಡಿದರೆ, ಶೂನ್ಯ ಗೂಢಲಿಪಿ ಕೇಳಿದರೆ ಎಚ್ಚರಿಸುತ್ತದೆ. ಇದು ಒಳ್ಳೆಯ ದಾರಿ ಎನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಇಂಥ ತಂತ್ರಾಂಶಗಳನ್ನು ಮುಕ್ತವಾಗಿ ಹಂಚುವುದೆಂದರೆ ಕಳ್ಳರ ಕೈಗೆ ಕೀಲಿ ಕೊಟ್ಟಂತಲ್ಲವೇ? ನಿಷೇಧಿಸಬಾರದೇಕೆ? — ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಗುಟ್ಟಾಗಿಟ್ಟು ನೋಡಿದ್ದಾಯಿತು. 2ಜಿಯ ತಂತ್ರಜ್ಞಾನವಾದ ಜಿಎಸ್‌ಎಂನ ‘ಎ5/1’ ಗೂಢಲಿಪಿಯನ್ನು 1987ರಲ್ಲಿ ರೂಪಿಸಿ ಬೀಗ ಹಾಕಿಟ್ಟರು. 1994ರಲ್ಲಿ ಅದರ ಸ್ಥೂಲ ರೂಪ ಸೋರಿತು, 1999ರಲ್ಲಿ ಪೂರ್ತಿ ಬಯಲಾಯಿತು. ದುರ್ಬಲ ಎಂದು ತಜ್ಞರು ಹೇಳುತ್ತಲೇ ಇದ್ದರು, ಕಂಪನಿಗಳು ತಲೆ ಕೆಡಿಸಿಕೊಳ್ಳಲಿಲ್ಲ. 2010ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಹ್ಯಾಕರುಗಳ ಸಮ್ಮೇಳನದ ವೇದಿಕೆಯಲ್ಲಿ ಭದ್ರತಾ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಸಿಲ್ವೇನ್ ಮುನೌ, ‘ಆಸ್ಮೋಕಾಮ್‌ಬಿಬಿ’ ಎಂಬ ಮುಕ್ತ ತಂತ್ರಾಂಶ ತುಂಬಿದ ಅಗ್ಗದ ಮೊಟೊರೊಲಾ ಫೋನುಗಳಿಂದ ಕರೆ ಹಿಡಿದು ತೋರಿಸಿದ ಮೇಲೆ ‘ಅದೆಲ್ಲ ಕಾಗದದ ಮೇಲಿನ ಅಪಾಯ’ ಎನ್ನುವ ಬಾಯಿಗಳು ಮುಚ್ಚಿದವು.

ದಕ್ಷಿಣ ಕೊರಿಯಾದ ಕೈಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಮುಕ್ತ 4ಜಿ ತಂತ್ರಾಂಶದ ಆಧಾರದ ಮೇಲೆ ಪರೀಕ್ಷಾ ಸಾಧನ ಕಟ್ಟಿ 51 ದೋಷ ಕಂಡುಹಿಡಿದರು. ಅವುಗಳಲ್ಲಿ 36 ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಮರುವರ್ಷ ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದವರು ‘ರಿವೋಲ್ಟಿ’ ದಾಳಿಯನ್ನು ಪ್ರಕಟಿಸಿದರು. ಪ್ರತಿ ವೋಲ್ಟಿ ಕರೆಗೂ ಹೊಸ ಗೂಢಸರಣಿ (ಮಾತನ್ನು ಮರೆಮಾಚಲು ಅದರೊಡನೆ ಬೆರೆಸುವ ಅಂಕಿಗಳ ಸಾಲು) ಬಳಸಬೇಕು, ಕೆಲವು ಟವರುಗಳು ಹಳೆಯದನ್ನೇ ಮತ್ತೆ ಕೊಡುತ್ತಿದ್ದವು. ನಿಮ್ಮ ಕರೆಯನ್ನು ಗೂಢಲಿಪಿಯಲ್ಲೇ ಹಿಡಿದಿಟ್ಟುಕೊಂಡವನು, ನೀವು ಫೋನ್ ಇಟ್ಟ ತಕ್ಷಣ ನಿಮಗೆ ಕರೆ ಮಾಡಿ ‘ನಮಸ್ಕಾರ, ಚೆನ್ನಾಗಿದ್ದೀರಾ’ ಎಂದು ಮಾತಿಗೆಳೆಯುತ್ತಾನೆ. ಈ ಎರಡನೆಯ ಸಂಭಾಷಣೆ ಅವನಿಗೆ ಗೊತ್ತು. ಅದರಿಂದ ಗೂಢಸರಣಿ ಬಿಡಿಸಿ, ಮೊದಲ ಕರೆಯನ್ನು ತೆರೆಯುತ್ತಾನೆ. ಎಷ್ಟು ಹೊತ್ತು ಮಾತಿನಲ್ಲಿ ಇರಿಸಿಕೊಂಡನೋ ಅಷ್ಟು ಹೊತ್ತಿನದು ತೆರೆಯುತ್ತದೆ. ಅವರು ನೋಡಿದ 15 ಟವರುಗಳಲ್ಲಿ 12ರಲ್ಲಿ ಈ ದೋಷವಿತ್ತು. ಮೊದಲು ಉದ್ಯಮದ ಒಕ್ಕೂಟವಾದ ಜಿಎಸ್‌ಎಂಎಗೆ ತಿಳಿಸಿ, ಆಮೇಲೆ ಪ್ರಕಟಿಸಿ, ಪರೀಕ್ಷಿಸುವ ಆ್ಯಪ್ ಅನ್ನೂ ಮುಕ್ತವಾಗಿ ಬಿಟ್ಟರು. ನಿಷೇಧವಿದ್ದಿದ್ದರೆ ಈ ಕೆಲಸ ನಿಲ್ಲುತ್ತಿತ್ತು. ಪ್ಯಾರಿಸ್‌ನ ಕಾರು ನಿಲ್ಲುತ್ತಿರಲಿಲ್ಲ.

ಪ್ರಶ್ನೆ: ಅಟ್ಟದಲ್ಲಿ ಹಳೆಯ ಮೊಟೊರೊಲಾ ಸಿ118 ಇದೆ. ಗುಜರಿಗೆ ಹಾಕಲೇ? — ಗೃಹಿಣಿ, ಶಿರಸಿ

ಉತ್ತರ: ದಯವಿಟ್ಟು ಬೇಡಮ್ಮ! ಮೇಲೆ ಹೇಳಿದ ಆಸ್ಮೋಕಾಮ್‌ಬಿಬಿ ಓಡುವುದು ಇಂಥ ಫೋನುಗಳಲ್ಲೇ. ಒಳಗಿನ ಕ್ಯಾಲಿಪ್ಸೊ ಚಿಪ್ಪಿನ ವಿವರ ಹೊರಬಿದ್ದಿರುವುದರಿಂದ ಇದು ಸಾಧ್ಯವಾಯಿತು. ಕಿವಿಗೆ ಹಾಕುವ ಇಯರ್‌ಫೋನ್ ತೂತಿಗೇ ಸೀರಿಯಲ್ ಕೇಬಲ್ ಚುಚ್ಚಿ ಕಂಪ್ಯೂಟರಿಗೆ ಜೋಡಿಸುತ್ತೇವೆ. ಬ್ಯಾಟರಿ ಉಬ್ಬಿದ್ದರೆ ತೆಗೆದು ಬೇರೆಯಾಗಿ ವಿಲೇವಾರಿ ಮಾಡಿ, ಫೋನನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಕೊರಿಯರ್ ಹಣ ನನ್ನದು.