ಡಿಪ್ಲೊಮಾ ಓದಿದವರು ಸರ್ಕಾರಿ ಬಾಯ್ಲರ್ ಇನ್‌ಸ್ಪೆಕ್ಟರ್ ಆಗಬಹುದೇ?

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಎ.ಸಿ. ಹಾಗೂ ಬಾಯ್ಲರ್ (ನೀರು ಕಾಯಿಸಿ ಹಬೆ ತಯಾರಿಸುವ ಯಂತ್ರ) ನಿರ್ವಹಣೆಯ ಕೆಲಸದಲ್ಲಿರುವ ತಮ್ಮ ಪ್ರಶ್ನೆಗೆ ನೇರ ಉತ್ತರವೆಂದರೆ, ಮೆಕ್ಯಾನಿಕಲ್ ಡಿಪ್ಲೊಮಾ ಒಂದೇ ಈ ಹುದ್ದೆಗೆ ಸಾಲದು. ಮೆಕ್ಯಾನಿಕಲ್, ಪ್ರೊಡಕ್ಷನ್, ಪವರ್ ಪ್ಲಾಂಟ್ ಅಥವಾ ಮೆಟಲರ್ಜಿ ವಿಭಾಗದ ಎಂಜಿನಿಯರಿಂಗ್ ಪದವಿಯೂ, ಅದರ ಜೊತೆಗೆ ಬಾಯ್ಲರ್‌ಗಳ ತಯಾರಿಕೆ, ಚಾಲನೆ, ದುರಸ್ತಿ ಅಥವಾ ಪರೀಕ್ಷೆಯಲ್ಲಿ ಪಡೆದ ಅನುಭವವೂ ಬೇಕಾಗುತ್ತದೆ. ಎ.ಸಿ. ಕೆಲಸದ ಅನುಭವ, ಎಷ್ಟೇ ದೀರ್ಘವಾಗಿದ್ದರೂ, ಇಲ್ಲಿ ಹೆಚ್ಚು ನೆರವಾಗದು. ಬಾಯ್ಲರ್‌ನ ಬಳಕೆಗೆ ಬೇಕಾದ ಪ್ರಮಾಣಪತ್ರ ಸಾಮಾನ್ಯವಾಗಿ ಹೆಚ್ಚೆಂದರೆ 12 ತಿಂಗಳಿಗೆ ಸಿಗುವುದರಿಂದ ತಪಾಸಣೆ ಮತ್ತೆ ಮತ್ತೆ ನಡೆಯುತ್ತದೆ; ಹಾಗಾಗಿ ಹೈಡ್ರಾಲಿಕ್ ಪರೀಕ್ಷೆ (ಒತ್ತಡದಲ್ಲಿ ನೀರು ತುಂಬಿ ಸೋರಿಕೆ ನೋಡುವ ಪರೀಕ್ಷೆ) ನಡೆಸಿ, ಸೇಫ್ಟಿ ವಾಲ್ವ್ (ಮಿತಿಮೀರಿದ ಒತ್ತಡವನ್ನು ಹೊರಬಿಡುವ ಕವಾಟ) ಮತ್ತು ಕೊಳವೆಗಳ ಸವೆತವನ್ನು ಗುರುತಿಸಬಲ್ಲ ಕಣ್ಣು ಇನ್‌ಸ್ಪೆಕ್ಟರ್‌ಗೆ ಇರಲೇಬೇಕು. ಸದ್ಯಕ್ಕೆ ಲ್ಯಾಟರಲ್ ಎಂಟ್ರಿಯ (ಡಿಪ್ಲೊಮಾ ಆಧಾರದ ನೇರ ಪ್ರವೇಶ) ಮೂಲಕ ಬಿ.ಇ. ಎರಡನೇ ವರ್ಷಕ್ಕೆ ಸೇರುವುದು, ಕೆಲಸ ಬಿಡಲಾಗದಿದ್ದರೆ ಬಾಯ್ಲರ್ ಅಟೆಂಡೆಂಟ್ (ಬಾಯ್ಲರ್ ನಡೆಸುವವರು) ಪ್ರಮಾಣಪತ್ರಕ್ಕೆ ಪ್ರಯತ್ನಿಸುವುದು ಸೂಕ್ತ.